ಹಲ್ಲಿನ ಬಿರುಕು ಅಲ್ಲೇ ನಿಲ್ಲುವುದೇಕೆ?

ಹುಲಿಗೆಮ್ಮನ ದರ್ಶನ ಮುಗಿಸಿ ತುಂಗಭದ್ರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದೀರಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಹಸಿ ಉಳ್ಳಾಗಡ್ಡಿ. ರೊಟ್ಟಿಯನ್ನು ಕಟಕಟನೆ ಕಡಿಯುವಾಗ ಎಂದಾದರೂ ಯೋಚಿಸಿದ್ದೀರಾ? ದಿನಾ ಬಳಸುವ ಪಿಂಗಾಣಿ ಬಸಿ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ದಿನಕ್ಕೆ ನೂರಾರು ಸಲ ಜಗಿಯುವ ಹಲ್ಲು ಮಾತ್ರ ಐವತ್ತು ಅರವತ್ತು ವರ್ಷ ಬಾಳುವುದು ಹೇಗೆ?

ಹಲ್ಲಿಗೂ ಬಿರುಕು ಬೀಳುತ್ತದೆ, ಅಕ್ಕಾ! ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ. ಮುಂದಿನ ಹಲ್ಲುಗಳಲ್ಲಿ ಕೂದಲೆಳೆಯಂಥ ಗೆರೆಗಳು ಕಂಡಾವು. ಗಾಬರಿ ಬೇಡ. ಬಿರುಕನ್ನು ಮುಂದೆ ಹೋಗಗೊಡದಿರುವುದೇ ಹಲ್ಲಿನ ಗುಟ್ಟು.

ಮೇಲಿನ ಹೊದಿಕೆ ಎನಾಮಲ್. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ದೇಹದಲ್ಲೆಲ್ಲ ಅತಿ ಗಟ್ಟಿ ವಸ್ತು. ಒಳಭಾಗದಲ್ಲಿ ಅದರ ಸೂಕ್ಷ್ಮ ಕಡ್ಡಿಗಳು ಬುಟ್ಟಿ ಹೆಣೆದಂತೆ ಒಂದನ್ನೊಂದು ಅಡ್ಡ ಹಾಯುತ್ತವೆ. ಹೀಗಾಗಿ ಬಿರುಕು ನೇರ ಓಡಲಾರದೆ ಸುತ್ತಿ ಬಳಸಿ ಸೋಲುತ್ತದೆ. ಕೆಳಗಿನ ಪದರ ಡೆಂಟಿನ್. ಇದರಲ್ಲಿ ಖನಿಜ ಸುಮಾರು 70 ಪಾಲು, ಉಳಿದದ್ದು ಹೆಚ್ಚಾಗಿ ಕೊಲಾಜನ್ ನಾರು ಮತ್ತು ನೀರು. ಎರಡು ಪದರ ಕೂಡುವಲ್ಲಿಯೇ ಬಹುಪಾಲು ಬಿರುಕು ನಿಲ್ಲುತ್ತದೆ. ದಾಟಿ ಬಂದರೂ ನಾರುಗಳು ಅದರ ಎರಡೂ ಅಂಚನ್ನು ಹೊಲಿಗೆ ಹಾಕಿದಂತೆ ಹಿಡಿಯುತ್ತವೆ.

ಆದರೆ "ಹಲ್ಲು ಗಟ್ಟಿ ಅದಾವ, ಏನಾಗ್ತದ ಬಿಡ್ರಿ" ಎನ್ನಬೇಡಿ. ಎನಾಮಲ್ ಮತ್ತೆ ಬೆಳೆಯದು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ. ವಯಸ್ಸಾದಂತೆ ಡೆಂಟಿನ್ ಕೂಡ ಪೆಡಸಾಗಿ, ಸಣ್ಣ ಬಿರುಕು ಬೇಗ ಬೆಳೆಯುತ್ತದೆ.

ನಮ್ಮ ಕೊಪ್ಪಳ ಸೀಮೆಗೆ ಇನ್ನೊಂದು ಚಿಂತೆಯಿದೆ. ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಎಳೆಯ ಮಕ್ಕಳು ಅದನ್ನೇ ಕುಡಿದು ಬೆಳೆದರೆ ಎನಾಮಲ್ ಸರಿಯಾಗಿ ಕಟ್ಟದೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ತೀವ್ರವಾದರೆ ಚಕ್ಕೆ ಏಳುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗದು. ಮಕ್ಕಳಿಗೆ ಶುದ್ಧೀಕರಿಸಿದ ನೀರನ್ನೇ ಕೊಡಿ.

ಇಷ್ಟು ಮಾಡಿ: ಗಟ್ಟಿ ಅಡಿಕೆ, ಮಂಜುಗಡ್ಡೆ ಕಡಿಯಬೇಡಿ. ಹೊಲಿಗೆಯ ದಾರಕ್ಕೆ ಕತ್ತರಿ, ಬಾಟಲಿಗೆ ಓಪನರ್ ಇದೆ; ಹಲ್ಲಿಗೇಕೆ ಆ ಕೆಲಸ? ನಿದ್ದೆಯಲ್ಲಿ ಹಲ್ಲು ಕಡಿಯುವವರು ವೈದ್ಯರಿಗೆ ತೋರಿಸಿ. ಬೇರಿನ ಚಿಕಿತ್ಸೆಯಾದ ದವಡೆಹಲ್ಲಿಗೆ ಕ್ಯಾಪ್ ಬೇಕೇ ಎಂದು ಕೇಳಿ. ಕಚ್ಚಿ ಬಿಡುವಾಗ ಚುಳ್ ಎಂದರೆ ಅದು ಬಿರುಕಿನ ಸೂಚನೆಯಿರಬಹುದು. ಲವಂಗ ಒತ್ತಿಕೊಂಡು ದಿನ ತಳ್ಳಬೇಡಿ. ಬೇಗ ಹೋದರೆ ಹಲ್ಲು ಕೀಳಿಸದೆ ಉಳಿಸಿಕೊಳ್ಳಲು ಹೆಚ್ಚು ಅವಕಾಶ.

ಮುಂದಿನ ಸಲ ಬುತ್ತಿ ಬಿಚ್ಚಿದಾಗ ವಯಸ್ಸಾದ ಅತ್ತೆಯವರ ಪಾಲಿನ ಖಡಕ್ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಕೊಡಿ. ರುಚಿಗೆ ರುಚಿ, ಹಲ್ಲಿಗೂ ಆರಾಮ!