ಗೆಲುವಿನ ಕೀರ್ತಿ ಯಾರ ಪಾಲಿಗೆ? – ಆಟದ ಮೈದಾನದಿಂದ ಉದ್ದಿಮೆಗೊಂದು ಪಾಠ

ಆಯುಧಪೂಜೆ, ದೀಪಾವಳಿಗಳು ಸಮೀಪಿಸಿದಾಗ ನಮ್ಮ ಅಂಗಡಿ, ಮಂಡಿ ಹಾಗೂ ಕಾರ್ಖಾನೆಗಳಲ್ಲಿ ಪ್ರತಿವರ್ಷವೂ ತಲೆದೋರುವ ಪ್ರಶ್ನೆಯೊಂದಿದೆ. ಕಾನೂನಿನ ವ್ಯಾಪ್ತಿಗೆ ಒಳಪಟ್ಟ ಸಂಸ್ಥೆಗಳಲ್ಲಿ ಶೇ. 8.33ರ ಕನಿಷ್ಠ ಬೋನಸ್ ಅರ್ಹ ನೌಕರರೆಲ್ಲರಿಗೂ ಸಲ್ಲತಕ್ಕದ್ದು. ಅದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಆದರೆ ಅದಕ್ಕೂ ಮೇಲೆ ಮಾಲೀಕರು ಸ್ವಸಂತೋಷದಿಂದ ನೀಡುವ ವಿಶೇಷ ಬಹುಮಾನ ಯಾರಿಗೆ ಸಲ್ಲಬೇಕು? ಕೈತಪ್ಪಲಿದ್ದ ಆರ್ಡರನ್ನು ಕೊನೆಯ ಗಳಿಗೆಯಲ್ಲಿ ಕುದುರಿಸಿದ ಮಾರಾಟ ಪ್ರತಿನಿಧಿಗೋ, ಅಥವಾ ರಾತ್ರಿಯಿಡೀ ಲೇತ್ ಯಂತ್ರದ ಮುಂದೆ ನಿಂತು ಮಾಲನ್ನು ಸಿದ್ಧಪಡಿಸಿದ ಕುಶಲಕರ್ಮಿಗೋ?

ಇದೇ ಪ್ರಶ್ನೆ ಕ್ರೀಡಾಲೋಕದಲ್ಲಿ ದಶಕಗಳಿಂದ ಚರ್ಚೆಯಲ್ಲಿದೆ. ಅಲ್ಲಿ ಪ್ರತಿಯೊಂದಕ್ಕೂ ಅಂಕಪಟ್ಟಿ ಇರುವುದರಿಂದ ಅದನ್ನು ಪರಿಶೀಲಿಸುವುದು ಸುಲಭ.

ಬೆಂಗಳೂರಿನ ಆ ರಾತ್ರಿ

1996ರ ಅಕ್ಟೋಬರ್ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಟೈಟನ್ ಕಪ್ ಪಂದ್ಯವನ್ನು ನಮ್ಮ ಓದುಗರಲ್ಲಿ ಹಲವರು ಮರೆತಿರಲಾರರು. ಆಸ್ಟ್ರೇಲಿಯಾ ಗಳಿಸಿದ್ದ 215 ರನ್ನುಗಳನ್ನು ಬೆನ್ನಟ್ಟಿದ ಭಾರತದ ಪರ ನಾಯಕ ಸಚಿನ್ ತೆಂಡೂಲ್ಕರ್ 88 ರನ್ ಗಳಿಸಿ ನಿರ್ಗಮಿಸಿದಾಗ ತಂಡದ ಮೊತ್ತ 8 ವಿಕೆಟ್‌ಗೆ 164. ಇನ್ನೂ 52 ರನ್ ಬೇಕಿತ್ತು. ಉಳಿದಿದ್ದವರು ಬೌಲರುಗಳು. ಜಾವಗಲ್ ಶ್ರೀನಾಥ್ ಅಜೇಯ 30, ಅನಿಲ್ ಕುಂಬ್ಳೆ ಅಜೇಯ 16 ರನ್ ಗಳಿಸಿ ಪಂದ್ಯವನ್ನು ಗೆದ್ದುಕೊಟ್ಟರು. ಪಂದ್ಯಶ್ರೇಷ್ಠ ಪ್ರಶಸ್ತಿ ಮಾತ್ರ ತೆಂಡೂಲ್ಕರ್ ಅವರ ಪಾಲಾಯಿತು.

ಇದು ಅನ್ಯಾಯವೆನ್ನಬಹುದೇ? ಹಾಗೆ ಹೇಳಲಾಗದು. ಆ 88 ರನ್ನುಗಳಿಲ್ಲದಿದ್ದರೆ ಕೊನೆಯ 52ಕ್ಕೆ ಅರ್ಥವೇ ಇರುತ್ತಿರಲಿಲ್ಲ. ಆದರೆ ಆ 52 ರನ್ನುಗಳಿಲ್ಲದಿದ್ದರೆ 88 ಸೋಲಿನ ಲೆಕ್ಕಕ್ಕೆ ಸೇರುತ್ತಿತ್ತು. ಬಂಡವಾಳ ಒಬ್ಬರದು, ವಸೂಲಿ ಮತ್ತಿಬ್ಬರದು ಎಂದು ವ್ಯಾಪಾರಿಗಳಾದ ನಾವು ಅರ್ಥಮಾಡಿಕೊಳ್ಳಬಹುದು.

ಅಮೆರಿಕದ ಫುಟ್‌ಬಾಲ್ ಆಟದಲ್ಲಿಯೂ ಇಂಥದೇ ನಿದರ್ಶನವಿದೆ. ಅಲ್ಲಿ ಆಕ್ರಮಣವನ್ನು ನಡೆಸಿ ಚೆಂಡನ್ನು ಹಂಚುವ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. 2002ರ ಫೆಬ್ರವರಿ 3ರ ಸೂಪರ್ ಬೌಲ್ ಅಂತಿಮ ಪಂದ್ಯವನ್ನು ನ್ಯೂ ಇಂಗ್ಲೆಂಡ್ ತಂಡ 20-17ರಿಂದ ಗೆದ್ದದ್ದು ಆ್ಯಡಂ ವಿನಾಟಿಯೇರಿ 48 ಗಜ ದೂರದಿಂದ ಒದ್ದ ಕೊನೆಯ ಚೆಂಡಿನಿಂದ. ಶ್ರೇಷ್ಠ ಆಟಗಾರನೆಂಬ ಗೌರವ ದೊರೆತದ್ದು ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರಾಡಿಗೆ. ಚೆಂಡನ್ನು ಒದೆಯಬಹುದಾದಷ್ಟು ಸಮೀಪಕ್ಕೆ ತಂಡವನ್ನು ತಂದವರು ಬ್ರಾಡಿ. ಅವರಿಗೆ ಎದುರಾಳಿಗಳು ತಗುಲದಂತೆ ತಡೆದ ಸಂಗಡಿಗರ ಹೆಸರು ಬಲ್ಲವರು ವಿರಳ.

ಅಂಕಪಟ್ಟಿಯಲ್ಲಿ ಕಾಣದ ಕೊಡುಗೆ

1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಕುಂಬ್ಳೆ 74 ರನ್ನಿಗೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಉರುಳಿಸಿದರು. ಭಾರತ 212 ರನ್ನುಗಳಿಂದ ಗೆದ್ದಿತು. ಒಂಬತ್ತು ವಿಕೆಟ್‌ಗಳು ಬಿದ್ದ ಮೇಲೆ ಇನ್ನೊಂದು ತುದಿಯಲ್ಲಿದ್ದ ಶ್ರೀನಾಥ್, ಹತ್ತನೆಯದು ತಮಗೆ ದೊರೆಯದಿರಲೆಂದು ಚೆಂಡನ್ನು ಸ್ಟಂಪಿನಿಂದ ದೂರಕ್ಕೆ ಎಸೆದರು. ಅಂಕಪಟ್ಟಿಯಲ್ಲಿ ಅದು ದಾಖಲಾದದ್ದು ವೈಡ್ ಎಂದು, ಅಂದರೆ ದೋಷವೆಂದು! ಇದೇ ಪಂದ್ಯದ ಎರಡನೆಯ ಇನ್ನಿಂಗ್ಸ್‌ನಲ್ಲಿ ಸದಗೋಪನ್ ರಮೇಶ್ 96 ರನ್ ಗಳಿಸಿದ್ದರು; ಶ್ರೀನಾಥ್ 49 ರನ್ ಸೇರಿಸಿದ್ದರು. ಕುಂಬ್ಳೆ ನಿರ್ಭಯವಾಗಿ ದಾಳಿ ನಡೆಸಲು ಬೇಕಾದ ಭದ್ರತೆಯನ್ನು ಒದಗಿಸಿದ್ದು ಆ ರನ್ನುಗಳೇ.

ಹಾಗೆಂದು ಹತ್ತು ವಿಕೆಟ್‌ಗಳ ಕೀರ್ತಿಯನ್ನು ಹನ್ನೊಂದು ಮಂದಿಗೆ ಸಮನಾಗಿ ಹಂಚುವುದು ವಿವೇಕವಲ್ಲ. ಅದೇ ಪಿಚ್‌ನಲ್ಲಿ, ಅದೇ ಇನ್ನಿಂಗ್ಸ್‌ನಲ್ಲಿ ಇತರ ಬೌಲರುಗಳೂ ಚೆಂಡೆಸೆದಿದ್ದರು. 2019ರ ಜನವರಿ 5ರ ಪ್ರೊ ಕಬಡ್ಡಿ ಅಂತಿಮ ಪಂದ್ಯದಲ್ಲಿಯೂ ಬೆಂಗಳೂರು ಬುಲ್ಸ್ ಗಳಿಸಿದ 38 ಅಂಕಗಳಲ್ಲಿ 22 ಪವನ್ ಸೆಹ್ರಾವತ್ ಒಬ್ಬರದೇ. ಗುಜರಾತ್ ತಂಡದ ಮೊತ್ತ 33. ಪವನ್ ಇಲ್ಲದೆ ಗೆಲುವು ಸಾಧ್ಯವಿರಲಿಲ್ಲ. ಉಳಿದವರ 16 ಅಂಕಗಳಿಲ್ಲದಿದ್ದರೂ ಸಾಧ್ಯವಿರಲಿಲ್ಲ. ಎರಡು ಮಾತುಗಳೂ ಏಕಕಾಲಕ್ಕೆ ಸತ್ಯ.

ಒಂದು ದಿನದ ಸಾಧನೆ, ಹಲವು ವರ್ಷದ ಲೆಕ್ಕ

‘ಈತ ಸಂಕಟದ ವೇಳೆಯ ಆಟಗಾರ’ ಎಂಬ ಹೊಗಳಿಕೆಯನ್ನೂ ಪರೀಕ್ಷಿಸಿ ನೋಡಿದವರಿದ್ದಾರೆ. 1977ರಲ್ಲಿ ಅಮೆರಿಕದ ರಿಚರ್ಡ್ ಕ್ರೇಮರ್ ಬೇಸ್‌ಬಾಲ್ ಆಟಗಾರರ ಎರಡು ವರ್ಷಗಳ ಅಂಕಗಳನ್ನು ಹೋಲಿಸಿದಾಗ, ಒಂದು ವರ್ಷ ನಿರ್ಣಾಯಕ ಸಂದರ್ಭಗಳಲ್ಲಿ ಮಿಂಚಿದವರು ಮರುವರ್ಷವೂ ಹಾಗೆಯೇ ಮಿಂಚುವರೆಂಬುದಕ್ಕೆ ಆಧಾರ ದೊರೆಯಲಿಲ್ಲ. ಸಂಕಟದಲ್ಲಿ ನೆರವಾಗುವವರು ಬಹುಮಟ್ಟಿಗೆ ದಿನನಿತ್ಯವೂ ಚೆನ್ನಾಗಿ ಆಡುವವರೇ. ನಮ್ಮ ನೆನಪು ಮಾತ್ರ ಗೆದ್ದ ದಿನವನ್ನು ಹಿಡಿದಿಟ್ಟುಕೊಂಡು ಉಳಿದ ದಿನಗಳನ್ನು ಕೈಬಿಡುತ್ತದೆ.

ನಮ್ಮ ಜಿಲ್ಲೆಯ ಅನುಭವ

ಈ ವಿವೇಚನೆ ನಮ್ಮ ನೆಲಕ್ಕೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಇಂದು ಜನ ನೆನೆಯುವುದು ಗುಬ್ಬಿ ವೀರಣ್ಣನವರ ಹೆಸರಿನಿಂದ. ಆ ಹಿರಿಮೆ ಅವರಿಗೆ ಸಲ್ಲತಕ್ಕದ್ದೇ. ಆದರೆ ಪರದೆ ಬರೆದವರು, ಹಾರ್ಮೋನಿಯಂ ನುಡಿಸಿದವರು, ದೀಪ ಹೊತ್ತಿಸಿದವರು ಇಲ್ಲದೆ ಒಂದು ಅಂಕವೂ ಸಾಗುತ್ತಿರಲಿಲ್ಲ. ಕುಣಿಗಲ್ಲಿನ ಕುದುರೆ ಫಾರಂ ಬಲ್ಲವರಿಗೂ ಇದು ತಿಳಿದ ಮಾತು: ರೇಸಿನಲ್ಲಿ ಚಿತ್ರ ತೆಗೆಸಿಕೊಳ್ಳುವವನು ಜಾಕಿ, ಮರಿಯನ್ನು ಸಾಕಿ, ಮೈ ತಿಕ್ಕಿ, ಮೇವು ಹಾಕಿದವನು ಲಾಯದಲ್ಲೇ ಇರುತ್ತಾನೆ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಯಂತ್ರವೊಂದು ಮೇಲೇರಿದಾಗ ಕಣ್ಣಿಗೆ ಬೀಳುವವನು ಚಾಲಕ. ಆತನ ಪ್ರಾಣ ನಿಂತಿರುವುದು ಸರಿಯಾಗಿ ತಯಾರಾದ ಸಣ್ಣಪುಟ್ಟ ಬಿಡಿಭಾಗಗಳ ಮೇಲೆ.

ಮಾಲೀಕರು ಏನು ಮಾಡಬಹುದು?

ಮೇಲಿನ ನಿದರ್ಶನಗಳಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಬಹುಮಾನವನ್ನು ಒಂದು ದಿನದ ಘಟನೆಯ ಮೇಲೆ ನಿರ್ಧರಿಸದೆ ವರ್ಷದ ದಾಖಲೆಯ ಮೇಲೆ ನಿರ್ಧರಿಸಬೇಕು. ಹಾಜರಿ, ತಿರಸ್ಕೃತ ಮಾಲಿನ ಪ್ರಮಾಣ, ಸಕಾಲದಲ್ಲಿ ರವಾನೆಯಾದ ಸರಕು – ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೂ ಸಾಕು.

ಎರಡನೆಯದಾಗಿ, ಬಹುಮಾನದಲ್ಲಿ ಎರಡು ಭಾಗಗಳಿರಲಿ. ವಿಶೇಷ ನೈಪುಣ್ಯ ತೋರಿದವರಿಗೆ ಒಂದು ಭಾಗ, ಆ ಕೆಲಸದಲ್ಲಿ ತೊಡಗಿದ್ದ ಇಡೀ ತಂಡಕ್ಕೆ ಇನ್ನೊಂದು. ಎಲ್ಲರಿಗೂ ಸಮನಾಗಿ ಹಂಚಿದರೆ ನಿಪುಣರು ಬೇರೆ ಕಾರ್ಖಾನೆಯ ದಾರಿ ಹಿಡಿಯುತ್ತಾರೆ. ಒಬ್ಬನಿಗೇ ಕೊಟ್ಟರೆ ಮುಂದಿನ ಬಾರಿ ಆತನಿಗೆ ಹೆಗಲು ಕೊಡುವವರು ಇರುವುದಿಲ್ಲ.

ಮೂರನೆಯದಾಗಿ, ಕೀರ್ತಿಗೆ ಅನ್ವಯಿಸುವ ಅಳತೆಗೋಲನ್ನೇ ಸೋಲಿಗೂ ಅನ್ವಯಿಸಬೇಕು. ಆರ್ಡರು ತಪ್ಪಿದಾಗ ಮಾರಾಟ ಪ್ರತಿನಿಧಿಯೊಬ್ಬನನ್ನೇ ದೂರುವುದು, ಅದು ಬಂದಾಗ ಅವನೊಬ್ಬನನ್ನೇ ಹೊಗಳಿದಷ್ಟೇ ಅಪೂರ್ಣವಾದ ಲೆಕ್ಕ.

ಶ್ರೀನಾಥರ ಆ ವೈಡ್ ಎಸೆತದಂತಹ ಕೊಡುಗೆಗಳು ಪ್ರತಿಯೊಂದು ಸಂಸ್ಥೆಯಲ್ಲಿಯೂ ನಡೆಯುತ್ತಿರುತ್ತವೆ. ಅವು ಯಾವ ಖಾತೆಪುಸ್ತಕದಲ್ಲಿಯೂ ಜಮೆಯಾಗುವುದಿಲ್ಲ. ಅವನ್ನು ಗುರುತಿಸಿ, ಹಬ್ಬದ ದಿನ ಎಲ್ಲರೆದುರು ಹೆಸರು ಹಿಡಿದು ಹೇಳಲು ಮಾಲೀಕರಿಗೆ ತಗಲುವ ವೆಚ್ಚ ಏನೂ ಇಲ್ಲ. ಅದರಿಂದ ಉಳಿಯುವುದು ನುರಿತ ಕೆಲಸಗಾರ.