ತಲೆಸುತ್ತಿನ ಮೂಲ: ಒಳಗಿವಿಯೋ ಮೆದುಳೋ?

ತಲೆಸುತ್ತೆಂಬುದು ರೋಗವಲ್ಲ, ರೋಗದ ಲಕ್ಷಣ. ಸುತ್ತಲಿನ ವಸ್ತುಗಳು ತಿರುಗುವಂತೆ ತೋರುವ ಈ ಬಾಧೆಗೆ ಬಹುಮಟ್ಟಿಗೆ ಒಳಗಿವಿಯ ವಿಕಾರವೇ ಕಾರಣ. ಆದರೆ ಮೆದುಳಿನ ಹಿಂಭಾಗಕ್ಕೆ ರಕ್ತವನ್ನೊಯ್ಯುವ ನಾಳವು ಕಟ್ಟಿಕೊಂಡು ಉಂಟಾಗುವ ಆಘಾತವೂ ಕೆಲವೊಮ್ಮೆ ಇದೇ ರೂಪದಲ್ಲಿ ತೋರುವುದುಂಟು. ಮೊದಲನೆಯದು ಸಾಮಾನ್ಯವಾಗಿ ಪ್ರಾಣಾಪಾಯಕರವಲ್ಲ. ಎರಡನೆಯದರಲ್ಲಿ ವಿಳಂಬವೇ ಅಪಾಯ.

ಹಿಂದೆ ವೈದ್ಯರು ಇಂತಹ ಸುತ್ತನ್ನು ಮೆದುಳಿನಲ್ಲಿ ರಕ್ತವು ತುಂಬಿದುದರ ಫಲವೆಂದೇ ಬಗೆಯುತ್ತಿದ್ದರು. ೧೮೬೧ರಲ್ಲಿ ಪ್ಯಾರಿಸಿನ ಪ್ರಾಸ್ಪರ್ ಮೆನಿಯೇರನು, ಕಿವುಡು ಮತ್ತು ಕಿವಿಮೊರೆತಗಳೊಡನೆ ಬರುವ ಸುತ್ತಿಗೆ ಒಳಗಿವಿಯೇ ಮೂಲವೆಂದು ಪ್ರತಿಪಾದಿಸಿದನು. ಈಗಿನ ತೊಡಕು ಇದಕ್ಕೆ ವಿಪರೀತವಾದುದು: ಮೆದುಳಿನ ಆಘಾತವನ್ನು ಕಿವಿಯ ಬೇನೆಯೆಂದು ಭ್ರಮಿಸಿ ಅಲಕ್ಷಿಸುವುದು.

ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು ತಲೆಯ ಚಲನೆಯನ್ನು ಮೆದುಳಿಗೆ ತಿಳಿಸುತ್ತವೆ. ತಲೆಯು ತಿರುಗಿದಷ್ಟೇ ಕಣ್ಣುಗಳು ಎದುರು ದಿಕ್ಕಿಗೆ ಹೊರಳುವುದರಿಂದ ನೋಟವು ನೆಲೆಯಾಗಿರುತ್ತದೆ. ಹಾಸಿಗೆಯಲ್ಲಿ ಮಗ್ಗುಲಾದಾಗ ಬಂದು, ಒಂದು ನಿಮಿಷದೊಳಗೆ ಅಡಗುವ ಸುತ್ತು ಬಹುಶಃ ಈ ನಾಳಕ್ಕೆ ಜಾರಿದ ಸುಣ್ಣದ ಹರಳುಗಳಿಂದಾದುದು.

ಸುತ್ತು ಎಡೆಬಿಡದೆ ನಿಂತು, ಕಣ್ಣಾಲಿಗಳು ಅದುರುತ್ತಿದ್ದರೆ, ನುರಿತ ವೈದ್ಯನು ಮೂರು ಅಂಶಗಳನ್ನು ಪರೀಕ್ಷಿಸುತ್ತಾನೆ. ಮೊದಲನೆಯದು, ರೋಗಿಯು ಒಂದೆಡೆ ದಿಟ್ಟಿಸುತ್ತಿರುವಾಗ ಅವನ ತಲೆಯನ್ನು ಥಟ್ಟನೆ ಸ್ವಲ್ಪ ತಿರುಗಿಸುವುದು. ಒಳಗಿವಿಯು ಕೆಟ್ಟಿದ್ದರೆ ಕಣ್ಣುಗಳು ಗುರಿತಪ್ಪಿ ಮರಳಿ ಜಿಗಿಯುತ್ತವೆ. ಇಂತಹ ರೋಗಿಯಲ್ಲಿ ಈ ಪರೀಕ್ಷೆಯು ನಿರ್ದೋಷವಾಗಿ ಕಂಡರೆ ಅದೇ ಶಂಕೆಗೆ ಕಾರಣ. ಏಕೆಂದರೆ ಕಿವಿಯು ಸರಿಯಿದ್ದೂ ಸುತ್ತು ನಿಲ್ಲದಿದ್ದರೆ ದೋಷವು ಮೆದುಳಿನಲ್ಲಿರಬೇಕು. ಎರಡನೆಯದು, ನೋಟದ ದಿಕ್ಕಿನೊಡನೆ ಅದುರಾಟದ ದಿಕ್ಕೂ ಬದಲಾಗುವುದು. ಮೂರನೆಯದು, ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದಾಗ ಕಣ್ಣು ಮೇಲಕ್ಕೋ ಕೆಳಕ್ಕೋ ಸರಿಯುವುದು. ಇವೆರಡೂ ಮೆದುಳಿನ ಆಘಾತವನ್ನೇ ಸೂಚಿಸುತ್ತವೆ. ಈ ಮೂರು ಪರೀಕ್ಷೆಗಳು ಒಟ್ಟಾಗಿ, ಆರಂಭದಲ್ಲಿ ತೆಗೆದ ಎಂ. ಆರ್. ಐ. ಚಿತ್ರಕ್ಕಿಂತಲೂ ಸೂಕ್ಷ್ಮವಾಗಿ ಆಘಾತವನ್ನು ಗುರುತಿಸಬಲ್ಲುವೆಂದು ೨೦೦೯ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಸಿ. ಟಿ. ಚಿತ್ರದಲ್ಲಿ ಹಿಂಭಾಗದ ಆಘಾತವು ಅನೇಕವೇಳೆ ಕಾಣುವುದೇ ಇಲ್ಲ.

ಕಿವುಡು ಬಂದಿತೆಂದ ಮಾತ್ರಕ್ಕೆ ದೋಷವು ಕಿವಿಯದೇ ಎಂದು ನಿರ್ಣಯಿಸಲಾಗದು. ಒಳಗಿವಿಗೆ ರಕ್ತವನ್ನೊದಗಿಸುವ ಸಣ್ಣ ನಾಳವು ಸಾಮಾನ್ಯವಾಗಿ ಮೆದುಳಿನ ನಾಳದಿಂದಲೇ ಕವಲೊಡೆಯುವುದರಿಂದ, ಒಂದೇ ತಡೆಯಿಂದ ಎರಡಕ್ಕೂ ಹಾನಿಯಾಗಬಹುದು.

ಈ ಪರೀಕ್ಷೆಗಳು ತರಬೇತಿಯಿಲ್ಲದವರಿಗೆ ತಕ್ಕುವಲ್ಲ. ಸುತ್ತಿನೊಡನೆ ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ನುಂಗಲಾಗದಿರುವುದು, ಮುಖ ಅಥವಾ ಕೈಕಾಲು ಜೋಮುಹಿಡಿಯುವುದು, ಕುತ್ತಿಗೆಯಲ್ಲಿ ಹಠಾತ್ತನೆ ತೀವ್ರವಾದ ನೋವು, ಆಧಾರವಿಲ್ಲದೆ ಕೂರಲೂ ಆಗದಿರುವುದು—ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಒಡನೆ ಒಯ್ಯತಕ್ಕದ್ದು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣಗಳು ತೋರಿದ ೪½ ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ, ಸುತ್ತು ಎಷ್ಟು ಹೊತ್ತಿಗೆ ಆರಂಭವಾಯಿತೆಂಬುದನ್ನು ವೈದ್ಯನಿಗೆ ತಿಳಿಸುವುದು ಅವಶ್ಯಕ.