ನಿಮಗಿದು ಗೊತ್ತೇ? ಡೈನಮೋ ಹೋಗಿ ಆಲ್ಟರ್ನೇಟರ್ ಬಂದರೆ ಮೀಟರ್‌ಗಳ ಗತಿಯೇನು?

ಹಳೇ ಕಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬಿಚ್ಚಿ ಆಲ್ಟರ್ನೇಟರ್ ಕೂರಿಸಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ!

● ಕ್ರೈಸ್ಲರ್ ಕಂಪನಿಯ ವೇಲಿಯಂಟ್ ಕಾರು 1960ರಲ್ಲೇ ಆಲ್ಟರ್ನೇಟರ್ ಹೊತ್ತು ಬಂತು. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು ಡೈನಮೋ ಕೈಬಿಟ್ಟದ್ದು 1967ರ ಕೊನೆಯಲ್ಲಿ.

● ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಲ್ಯೂಕಸ್ ಸಿ40 ಡೈನಮೋ ಕೊಡುವುದು ಸುಮಾರು 22 ಆಂಪಿಯರ್. ಅದೇ ಕಂಪನಿಯ 17ಎಸಿಆರ್ ಆಲ್ಟರ್ನೇಟರ್ 36 ಆಂಪಿಯರ್ ಕೊಡುತ್ತದೆ. ಎರಡೂ ಕಡೆ 30ರವರೆಗೆ ಮಾತ್ರ ಗುರುತಿರುವ, ಕರೆಂಟು ಅಳೆಯುವ ಹಳೇ ಆಮ್ಮೀಟರ್‌ಗೆ ಇದು ಅಳತೆ ಮೀರಿದ ಹೊರೆ.

● ಹಳೇ ಆಮ್ಮೀಟರ್ ದೂರದಿಂದ ನೋಡಿ ಅಳೆಯುವುದಿಲ್ಲ. ಚಾರ್ಜಿಂಗ್ ಕರೆಂಟು ಅದರ ಹೊಟ್ಟೆಯೊಳಗಿಂದಲೇ ಹಾದುಹೋಗಬೇಕು. ತಂತಿ ಸಣ್ಣದಿದ್ದರೆ ಅಥವಾ ನಟ್ಟು ಸಡಿಲಿದ್ದರೆ ಡ್ಯಾಶ್‌ಬೋರ್ಡಿನ ಹಿಂದೆಯೇ ಬಿಸಿಯೇರುತ್ತದೆ.

● ಹಾಗಾಗಿ ಹಲವರು ಆಮ್ಮೀಟರ್ ಬದಲು ವೋಲ್ಟ್‌ಮೀಟರ್ ಹಾಕಿಸುತ್ತಾರೆ. ಅದಕ್ಕೆ ಸಣ್ಣ ವೈರು, ಒಂದು ಫ್ಯೂಸು ಸಾಕು. ಎಂಜಿನ್ ನಿಂತಾಗ 12.6, ಓಡುವಾಗ 13.8ರಿಂದ 14.4 ವೋಲ್ಟ್ ತೋರಿಸಿದರೆ ಬ್ಯಾಟರಿ, ಚಾರ್ಜಿಂಗ್ ಎರಡೂ ಕ್ಷೇಮ.

● ಡೈನಮೋ ತನ್ನ ಕಬ್ಬಿಣದಲ್ಲಿ ಉಳಿದ ಚೂರು ಕಾಂತತ್ವದಿಂದಲೇ ವಿದ್ಯುತ್ ಹುಟ್ಟಿಸಲು ಶುರುಮಾಡುತ್ತದೆ. ಆಲ್ಟರ್ನೇಟರಿಗೆ ಆ ಮೊದಲ ಚಾಲನೆ ಕೊಡುವುದು ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ಲೈಟ್! ಆ 2.2 ವ್ಯಾಟ್ ಬಲ್ಬು ಸುಟ್ಟರೆ ಎಷ್ಟೋ ಆಲ್ಟರ್ನೇಟರ್‌ಗಳು ಎಂಜಿನ್ ಜೋರಾಗಿ ಓಡುವ ತನಕ ಚಾರ್ಜೇ ಮಾಡುವುದಿಲ್ಲ.

● ಅದೇ ಜಾಗಕ್ಕೆ ಎಲ್‌ಇಡಿ ಹಾಕಿದರೂ ಇದೇ ತೊಂದರೆ. ಅದರಲ್ಲಿ ಹರಿಯುವ ಕರೆಂಟು ತೀರಾ ಕಡಿಮೆ. ಪಕ್ಕದಲ್ಲೊಂದು ರೆಸಿಸ್ಟರ್ ಜೋಡಿಸಿದರೆ ಸರಿಹೋಗುತ್ತದೆ.

● ಕಟ್‌ಔಟ್ (ಡೈನಮೋದ ಹಳೇ ರೆಗ್ಯುಲೇಟರ್) ಪೆಟ್ಟಿಗೆಯಲ್ಲಿ ಚಾರ್ಜಿಂಗ್ ಲೈಟಿನ ವೈರನ್ನು ಡೈನಮೋದ ದಪ್ಪ ವೈರಿನ ಜೊತೆಯಲ್ಲೇ ಉಳಿಸಿ, ಅದನ್ನು ಬ್ಯಾಟರಿ ವೈರಿಗೆ ಸೇರಿಸಿದರೆ ಎಲ್ಲ ತಿರುವುಮುರುವು: ಕೀಲಿ ತಿರುಗಿಸಿದಾಗ ಲೈಟ್ ಆರುತ್ತದೆ, ಕೀಲಿ ತೆಗೆದಾಗ ಹೊತ್ತಿಕೊಳ್ಳುತ್ತದೆ! ಅದು ಹೋಗಬೇಕಾದ್ದು ಆಲ್ಟರ್ನೇಟರಿನ ಸಣ್ಣ ಟರ್ಮಿನಲ್‌ಗೆ.

● ಕೀಲಿ ತೆಗೆದರೂ ಎಂಜಿನ್ ನಿಲ್ಲುತ್ತಿಲ್ಲವೇ? ಆ ಸಣ್ಣ ಟರ್ಮಿನಲ್‌ಗೆ ಬಲ್ಬಿಲ್ಲದೆ ನೇರ ವೈರು ಎಳೆದಿದ್ದರೆ ಆಲ್ಟರ್ನೇಟರ್ ಅದೇ ದಾರಿಯಲ್ಲಿ ಇಗ್ನಿಶನ್‌ಗೆ ಹಿಂದಿನಿಂದ ಕರೆಂಟು ಕೊಡುತ್ತಿರಬಹುದು. ಕೆಲವೇ ರೂಪಾಯಿಯ ಡಯೋಡ್ ಒಂದನ್ನು ನಡುವೆ ಹಾಕಿದರೆ ಆ ಹಿಮ್ಮುಖ ದಾರಿ ಬಂದ್.

● ವೋಲ್ಟೇಜ್ ಏರಿದರೆ ಪೆಟ್ರೋಲ್ ಮುಳ್ಳೂ ಸುಮ್ಮನೆ ಏರುತ್ತದೆಯೇ? ಇಲ್ಲ. 1960ರ ದಶಕದ ಅನೇಕ ಸ್ಮಿತ್ಸ್ ಕಂಪನಿಯ ಮೀಟರ್‌ಗಳಿಗೆ ಪುಟ್ಟ ಸ್ಟೆಬಿಲೈಸರ್ ಒಂದು ಸರಾಸರಿ 10 ವೋಲ್ಟ್ ಮಾತ್ರ ಬಿಡುತ್ತದೆ. ಅದಕ್ಕೂ ಹಿಂದಿನ ಎರಡು ಕಾಯಿಲ್‌ಗಳ ಮೀಟರ್, ಒಂದರ ಸೆಳೆತವನ್ನು ಇನ್ನೊಂದರ ಜೊತೆ ತೂಗಿ ನೋಡುವುದರಿಂದ ವೋಲ್ಟೇಜಿನ ಏರಿಳಿತಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

● ಪೆಟ್ರೋಲ್, ಟೆಂಪರೇಚರ್ ಮುಳ್ಳುಗಳೆರಡೂ ಒಟ್ಟಿಗೇ ಮೇಲೆ ಹೋದರೆ ಮೊದಲು ನೋಡಬೇಕಾದ್ದು ಸ್ಟೆಬಿಲೈಸರಿನ ಅರ್ತ್. ಒಂದೇ ಮುಳ್ಳು ತಪ್ಪಿದರೆ ಅದರದೇ ಸೆಂಡರ್ (ಮುಳ್ಳಿಗೆ ಅಳತೆ ಕಳಿಸುವ ಭಾಗ) ಅಥವಾ ವೈರು ನೋಡಿ.

● ಹಲವು ಹಳೇ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ತ್ ಆಗಿರುತ್ತದೆ. ಬಹುತೇಕ ಆಲ್ಟರ್ನೇಟರ್‌ಗಳಿಗೆ ಬೇಕಾದ್ದು ನೆಗೆಟಿವ್ ಅರ್ತ್. ಬದಲಿಸಿದ ಮೇಲೆ ಆಮ್ಮೀಟರಿನ ಎರಡು ವೈರು ಅದಲುಬದಲು ಮಾಡದಿದ್ದರೆ ಚಾರ್ಜ್ ಆಗುವಾಗ ಮುಳ್ಳು ‘ಖಾಲಿಯಾಗುತ್ತಿದೆ’ ಎನ್ನುತ್ತದೆ. ಟ್ರಾನ್ಸಿಸ್ಟರ್ ಇರುವ ಆರ್‌ಪಿಎಂ ಮೀಟರನ್ನು ಹೊಸ ಅರ್ತ್‌ಗೆ ಹೊಂದಿಸದೆ ಜೋಡಿಸಿದರೆ ಅದು ಸುಟ್ಟೇಹೋಗಬಹುದು.

● ಎಂಜಿ ಟಿಡಿ ಕಾರಿನಲ್ಲಿ ಆರ್‌ಪಿಎಂ ಮೀಟರಿನ ಕೇಬಲ್ ತಿರುಗುವುದೇ ಡೈನಮೋದ ಹಿಂಬದಿಯ ಗೇರಿನಿಂದ. ಡೈನಮೋ ತೆಗೆದರೆ ಮುಳ್ಳು ಸೊನ್ನೆಯಲ್ಲೇ! ಅದಕ್ಕೆಂದೇ ಡೈನಮೋ ಆಕಾರದ, ಹಿಂದೆ ಅದೇ ಗೇರು ಕೂರುವ ಆಲ್ಟರ್ನೇಟರ್‌ಗಳು ಸಿಗುತ್ತವೆ.

● ಕೆಲವು ಆಲ್ಟರ್ನೇಟರ್‌ಗಳ ‘ಡಬ್ಲ್ಯೂ’ ಟರ್ಮಿನಲ್‌ನಿಂದ ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರಿಗೆ ಸಿಗ್ನಲ್ ಸಿಗುತ್ತದೆ. ಸ್ಪಾರ್ಕ್ ಪ್ಲಗ್ಗೇ ಇಲ್ಲದ ಡೀಸೆಲ್ ಗಾಡಿಗಳಿಗೆ ಇದು ವರ. ಪುಲ್ಲಿ ಬದಲಿಸಿದರೆ ಮಾತ್ರ ಮೀಟರನ್ನು ಮತ್ತೆ ಹೊಂದಿಸಬೇಕು.

● ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಕಳಚಿ ಚಾರ್ಜಿಂಗ್ ಪರೀಕ್ಷಿಸುವ ಹಳೇ ಚಾಳಿ ಆಲ್ಟರ್ನೇಟರಿಗೆ ಸಲ್ಲದು. ವೋಲ್ಟೇಜ್ ದಿಢೀರನೆ ನೆಗೆದು ಡಯೋಡುಗಳನ್ನು ಸುಡಬಹುದು. ಡ್ಯಾಶ್‌ಬೋರ್ಡಿನ ವೋಲ್ಟ್‌ಮೀಟರ್ ಅದೇ ಪರೀಕ್ಷೆಯನ್ನು ಖರ್ಚಿಲ್ಲದೆ ಮಾಡಿಕೊಡುತ್ತದೆ.